ಎಡ್ಜ್‌ವುಡ್‌ನ 26 ಡಾಲರ್

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್, ಆಸ್ಟಿನ್ ಕಡೆ ಮನೆ ಹುಡುಕುವ ಕನ್ನಡಿಗರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ? ಐಎಸ್‌ಡಿ ಯಾವುದು? ಮೊದಲನೆಯದರಲ್ಲಿ ರಾಜಿ ಮಾಡಿಕೊಳ್ಳುವವರು ಸಿಗುತ್ತಾರೆ. ಎರಡನೆಯದರಲ್ಲಿ ಸಿಗುವುದು ಕಷ್ಟ. ಒಳ್ಳೆಯ ಐಎಸ್‌ಡಿ ಅಂತಾದರೆ ಅದೇ ಅಳತೆಯ ಮನೆಗೆ ಜಾಸ್ತಿ ದುಡ್ಡು ಕೊಡಲೂ ತಯಾರು.

ಐಎಸ್‌ಡಿ ಅಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಅಂದ ತಕ್ಷಣ ನಮಗೆ ಜಿಲ್ಲೆ, ಡಿಸಿ ಆಫೀಸು, ಡಿಡಿಪಿಐ ನೆನಪಾಗುತ್ತಾರೆ. ಇದು ಅದಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಪುಟ್ಟ ಸರ್ಕಾರ ಇದು. ಇದಕ್ಕೆ ಅದರದೇ ಚುನಾವಣೆ ಇದೆ, ಅದರದೇ ತೆರಿಗೆ ಇದೆ, ಅದರದೇ ಗಡಿ ಇದೆ. ಊರಿನ ಮೇಯರ್‌ಗೆ ಇದರ ಮೇಲೆ ಅಧಿಕಾರ ಇಲ್ಲ. ಹೆಸರಿನಲ್ಲಿರುವ 'ಇಂಡಿಪೆಂಡೆಂಟ್' ಅದಕ್ಕೇ. ಊರಿನ ಗಡಿಗೂ ಶಾಲೆಯ ಗಡಿಗೂ ತಾಳೆ ಆಗಬೇಕಿಲ್ಲ. ಸ್ಯಾನ್ ಆಂಟೋನಿಯೊ ನೋಡಲು ಒಂದೇ ನಗರ. ಅದರ ಸುತ್ತಮುತ್ತ ಒಂದು ಡಜನ್‌ಗೂ ಹೆಚ್ಚು ಐಎಸ್‌ಡಿಗಳಿವೆ. ರಸ್ತೆಯ ಈ ಬದಿಯ ಮಗು ಒಂದು ಸರ್ಕಾರದ್ದು, ಆ ಬದಿಯ ಮಗು ಇನ್ನೊಂದು ಸರ್ಕಾರದ್ದು.

ಆ ಡಜನ್‌ನಲ್ಲಿ ಎರಡನ್ನು ನಾನಿಲ್ಲಿ ಎತ್ತಿಕೊಳ್ಳುತ್ತೇನೆ. ನಗರದ ಪಶ್ಚಿಮಕ್ಕೆ ಎಡ್ಜ್‌ವುಡ್. ಉತ್ತರಕ್ಕೆ ಅಲಾಮೊ ಹೈಟ್ಸ್. ಎರಡೂ ದೊಡ್ಡವಲ್ಲ. ಅದೇ ನಗರದ ನಾರ್ತ್‌ಸೈಡ್ ಐಎಸ್‌ಡಿಯಲ್ಲಿ ಲಕ್ಷದಷ್ಟು ಮಕ್ಕಳಿದ್ದಾರೆ, ಅದರ ಮುಂದೆ ಇವು ಚಿಕ್ಕವೇ. ಆದರೆ ಅಮೆರಿಕದ ಶಾಲೆಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾಕೆ ಹಾಗೆ ಬರುತ್ತದೆ ಅಂತ ಕೇಳಿದರೆ ವಕೀಲರು, ಶಿಕ್ಷಣ ತಜ್ಞರು ಇವತ್ತಿಗೂ ಈ ಎರಡರ ಹೆಸರನ್ನೇ ಹೇಳುತ್ತಾರೆ.

ಮೊದಲು ಆಡಳಿತ. ಡಿಸ್ಟ್ರಿಕ್ಟ್ ನಡೆಸುವುದು ಟ್ರಸ್ಟಿಗಳ ಮಂಡಳಿ, ಸಾಮಾನ್ಯವಾಗಿ ಏಳು ಜನ. ಜನರೇ ಆರಿಸುತ್ತಾರೆ. ಟೆಕ್ಸಾಸ್ ಕಾನೂನಿನ ಪ್ರಕಾರ ಇವರಿಗೆ ಸಂಬಳ ಇಲ್ಲ. ಹಗಲು ತಮ್ಮ ಕೆಲಸ ಮುಗಿಸಿ ಸಂಜೆ ಸಭೆಗೆ ಬಂದು ಕೂರುವವರು. ಹಾಗಂತ ಅಧಿಕಾರ ಕಡಿಮೆ ಅಂದುಕೊಳ್ಳಬೇಡಿ. ಬಜೆಟ್ ಒಪ್ಪುವವರು ಇವರು, ತೆರಿಗೆ ದರ ಇಡುವವರು ಇವರು, ಯಾವ ಶಾಲೆ ಮುಚ್ಚಬೇಕು ಅಂತ ತೀರ್ಮಾನಿಸುವವರೂ ಇವರೇ. ದಿನನಿತ್ಯದ ಕೆಲಸಕ್ಕೆ ಒಬ್ಬ ಸೂಪರಿಂಟೆಂಡೆಂಟ್‌ನನ್ನು ನೇಮಿಸುತ್ತಾರೆ. ಅವರಿಗೆ ಒಳ್ಳೆಯ ಸಂಬಳವೇ ಇರುತ್ತದೆ.

ನಮ್ಮೂರಿನ ಎಸ್‌ಡಿಎಂಸಿಯನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಎಸ್‌ಡಿಎಂಸಿ ಶಾಲೆಯ ಮೇಲೆ ಕಣ್ಣಿಡಬಹುದು, ಅನುದಾನ ಸರಿಯಾಗಿ ಖರ್ಚಾಯಿತಾ ಅಂತ ಕೇಳಬಹುದು. ಊರಿನವರ ಮೇಲೆ ತೆರಿಗೆ ಹಾಕುವಂತಿಲ್ಲ, ಮೇಷ್ಟ್ರನ್ನು ನೇಮಿಸುವಂತಿಲ್ಲ. ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಊರಿನ ಜಮೀನಿನ ಬೆಲೆ ಏರಿದರೂ ಇಳಿದರೂ ಆ ಸಂಬಳ ಅಷ್ಟೇ. ಟೆಕ್ಸಾಸ್‌ನಲ್ಲಿ ಜಮೀನಿನ ಬೆಲೆಯೇ ಕಥೆಯ ಅರ್ಧ ಭಾಗ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವ ನಮ್ಮವರು ಈ ಶಾಲಾ ತೆರಿಗೆ ಪೂರ್ತಿ ಕಟ್ಟುತ್ತಾರೆ, ಬಾಡಿಗೆ ಮನೆಯಲ್ಲಿದ್ದರೂ ಬಾಡಿಗೆಯೊಳಗೆ ಅದು ಸೇರಿಯೇ ಇರುತ್ತದೆ. ಟ್ರಸ್ಟಿಗಳಿಗೆ ಮತ ಹಾಕುವ ಹಕ್ಕು ಮಾತ್ರ ಇಲ್ಲ. ಆದರೆ ಸಭೆಗೆ ಹೋಗಿ ಅಜೆಂಡಾದಲ್ಲಿರುವ ವಿಷಯದ ಮೇಲೆ ಮಾತಾಡಬಹುದು. ಹೆಸರು ಬರೆಸಿದರೆ ಆಯಿತು, ಪೌರತ್ವ ಕೇಳುವುದಿಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಈಗ 1968ಕ್ಕೆ ಹೋಗೋಣ.

ಆ ವರ್ಷ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಕಿಟಕಿ ಒಡೆದಿದ್ದವು, ಕಟ್ಟಡ ಹಾಳಾಗಿತ್ತು, ಅರ್ಹತೆ ಇರುವ ಶಿಕ್ಷಕರು ಸಾಲುತ್ತಿರಲಿಲ್ಲ. ಅಲ್ಲಿನ ಮಕ್ಕಳಲ್ಲಿ ಶೇ 90ರಷ್ಟು ಮೆಕ್ಸಿಕನ್ ಅಮೆರಿಕನ್ನರು. ಪೋಷಕರಲ್ಲಿ ಡೆಮೆಟ್ರಿಯೊ ರೊಡ್ರಿಗಸ್ ಎಂಬವರಿದ್ದರು. ಕೆಲ್ಲಿ ವಾಯುನೆಲೆಯಲ್ಲಿ ಲೋಹದ ಹಾಳೆ ಕೆಲಸ ಮಾಡುವ ಕಾರ್ಮಿಕ, ಮಾಜಿ ಸೈನಿಕ. ಅವರೂ ಇನ್ನು ಕೆಲವು ಪೋಷಕರೂ ಸೇರಿ ಅದೇ ಬೇಸಿಗೆಯಲ್ಲಿ ಫೆಡರಲ್ ಕೋರ್ಟಿಗೆ ಹೋದರು.

ಕೋರ್ಟಿನ ಮುಂದೆ ಬಂದ ಲೆಕ್ಕ 1967-68ರದ್ದು. ಇದನ್ನು ನಿಧಾನವಾಗಿ ಓದಬೇಕು. ಎಡ್ಜ್‌ವುಡ್‌ನಲ್ಲಿ ಆಗ 22 ಸಾವಿರ ಮಕ್ಕಳು, ಅಲಾಮೊ ಹೈಟ್ಸ್‌ನಲ್ಲಿ 5 ಸಾವಿರ. ಎಡ್ಜ್‌ವುಡ್‌ನಲ್ಲಿ ಒಂದು ಮಗುವಿನ ಪಾಲಿಗೆ ಬರುವ, ತೆರಿಗೆಗೆ ಒಳಪಡುವ ಆಸ್ತಿಯ ಬೆಲೆ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49 ಸಾವಿರಕ್ಕೂ ಹೆಚ್ಚು. ಎಡ್ಜ್‌ವುಡ್‌ನವರು ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡಿದ್ದರು, ಅಲಾಮೊ ಹೈಟ್ಸ್‌ನವರು 85 ಸೆಂಟ್. ಬಡವರೇ ಜಾಸ್ತಿ ದರ ಕಟ್ಟುತ್ತಿದ್ದರು. ರಾಜ್ಯದ ಯೋಜನೆಗೆ ಕೊಡಬೇಕಾದ ಪಾಲು ಕಳೆದ ಮೇಲೆ ಎಡ್ಜ್‌ವುಡ್‌ನಲ್ಲಿ ಮಗುವಿಗೆ ಉಳಿದ ಸ್ಥಳೀಯ ದುಡ್ಡು 26 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 333.

ರಾಜ್ಯ ಈ ಅಂತರವನ್ನು ತುಂಬಿಕೊಟ್ಟಿರಬೇಕು ಅಲ್ವಾ? ರಾಜ್ಯದಿಂದ ಎಡ್ಜ್‌ವುಡ್ ಮಗುವಿಗೆ ಬಂದದ್ದು 222 ಡಾಲರ್. ಅಲಾಮೊ ಹೈಟ್ಸ್ ಮಗುವಿಗೆ 225! ಶ್ರೀಮಂತರಿಗೆ ಮೂರು ಡಾಲರ್ ಜಾಸ್ತಿಯೇ. ಕೇಂದ್ರ ಸರ್ಕಾರದ್ದು ಮಾತ್ರ ಎಡ್ಜ್‌ವುಡ್‌ಗೆ ಹೆಚ್ಚು, 108 ಮತ್ತು 36. ಎಲ್ಲ ಕೂಡಿಸಿದರೆ ಒಂದು ಕಡೆ 356, ಇನ್ನೊಂದು ಕಡೆ 594.

ಆ ದುಡ್ಡಿನ ವ್ಯತ್ಯಾಸ ತರಗತಿಯಲ್ಲಿ ಹೇಗೆ ಕಾಣುತ್ತಿತ್ತು ಅನ್ನುವುದಕ್ಕೂ ದಾಖಲೆ ಇದೆ. 1968-69ರಲ್ಲಿ ಎಡ್ಜ್‌ವುಡ್ ಶಿಕ್ಷಕರಲ್ಲಿ ಸುಮಾರು ಶೇ 47 ಜನ ತಾತ್ಕಾಲಿಕ ಪರವಾನಗಿಯ ಮೇಲೆ ಪಾಠ ಮಾಡುತ್ತಿದ್ದರು. ಅಲಾಮೊ ಹೈಟ್ಸ್‌ನಲ್ಲಿ ಶೇ 11. ಅಲ್ಲಿ 645 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇದ್ದರೆ, ಎಡ್ಜ್‌ವುಡ್‌ನಲ್ಲಿ 3,098 ಮಕ್ಕಳಿಗೆ ಒಬ್ಬರು. ಮೂರು ಸಾವಿರ ಮಕ್ಕಳಲ್ಲಿ ಆ ಕೌನ್ಸೆಲರ್ ಯಾರ ಹೆಸರನ್ನು ನೆನಪಿಟ್ಟುಕೊಂಡಾರು?

ಬೇಕಾದರೆ ಬಡವರು ಅಲಾಮೊ ಹೈಟ್ಸ್‌ಗೆ ಹೋಗಿ ಮನೆ ಮಾಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ದುಡ್ಡಿದ್ದರೂ ಅದು ಸುಲಭ ಇರಲಿಲ್ಲ. ಅಲ್ಲಿನ ಮನೆಗಳ ಕ್ರಯಪತ್ರದಲ್ಲೇ ಮೆಕ್ಸಿಕನ್ನರಿಗೆ, ಕಪ್ಪು ಜನಕ್ಕೆ ಮಾರಬಾರದು ಅನ್ನುವ ಷರತ್ತುಗಳು ದಶಕಗಳ ಕಾಲ ಇದ್ದವು. ಜನ ಎಲ್ಲಿರಬೇಕು ಅನ್ನುವುದನ್ನು ಮೊದಲು ಕಟ್ಟುಪಾಡು ಮಾಡಿ, ಆಮೇಲೆ ಅದರ ಸುತ್ತ ಶಾಲೆಯ ಗೆರೆ ಎಳೆದರೆ, ಆ ಗೆರೆಯನ್ನು ಸುಮ್ನೆ ಭೂಗೋಳ ಅನ್ನುವುದು ಕಷ್ಟ.

1971ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಪೋಷಕರ ಪರ ತೀರ್ಪು ಕೊಟ್ಟಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1973ರ ಮಾರ್ಚ್ 21ರಂದು 5-4ರ ಅಂತರದಲ್ಲಿ ಪೋಷಕರು ಸೋತರು. ಶಿಕ್ಷಣ ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕು ಅಲ್ಲ, ಶಾಲೆಗಳ ಮೇಲೆ ಸ್ಥಳೀಯರ ಹಿಡಿತ ಉಳಿಸುವುದು ಒಪ್ಪಬಹುದಾದ ಕಾರಣ ಅಂತ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಬರೆದರು. ಭಿನ್ನಮತ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಕೈಯಲ್ಲಿ ಆಸ್ತಿಯೇ ಇಲ್ಲದವರಿಗೆ ಸ್ಥಳೀಯ ಹಿಡಿತ ಅನ್ನುವ ಮಾತಿಗೆ ಅರ್ಥ ಏನು ಅನ್ನುವುದು ಅವರ ವಾದದ ತಿರುಳು. ಮೇಲಿನ ತೆರಿಗೆ ದರಗಳನ್ನು ನೋಡಿದ ಮೇಲೆ ನನಗೂ ಅದೇ ಸರಿ ಅನಿಸುತ್ತದೆ. ಎಡ್ಜ್‌ವುಡ್ ತನ್ನ ಕೈಲಾದಷ್ಟು ಹಿಂಡಿಕೊಂಡಿತ್ತು. ಹಿಂಡಿದರೆ ಬರುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ.

ತಮಾಷೆ ಏನೆಂದರೆ ಕೇಸಿಗೆ ಅಂಟಿರುವ ಹೆಸರು 'ಸ್ಯಾನ್ ಆಂಟೋನಿಯೊ ಐಎಸ್‌ಡಿ ವಿರುದ್ಧ ರೊಡ್ರಿಗಸ್'. ಆ ಸ್ಯಾನ್ ಆಂಟೋನಿಯೊ ಐಎಸ್‌ಡಿಯನ್ನು ಮೊದಲೇ ಕೇಸಿನಿಂದ ಕೈಬಿಡಲಾಗಿತ್ತು. ಕೊನೆಗೆ ಅದು ಪೋಷಕರ ಪರವೇ ನಿಂತಿತ್ತು. ಹೆಸರು ಮಾತ್ರ ಹಾಗೇ ಉಳಿಯಿತು.

ಫೆಡರಲ್ ಬಾಗಿಲು ಮುಚ್ಚಿತು. 1984ರಲ್ಲಿ ಎಡ್ಜ್‌ವುಡ್ ರಾಜ್ಯದ ಬಾಗಿಲು ತಟ್ಟಿತು. ಟೆಕ್ಸಾಸ್ ಸಂವಿಧಾನ ದಕ್ಷವಾದ ಸಾರ್ವಜನಿಕ ಶಾಲಾ ವ್ಯವಸ್ಥೆ ಇರಬೇಕು ಅನ್ನುತ್ತದೆ. ಈ ಬಾರಿ ಅದೇ ಆಧಾರ. ಅಷ್ಟರಲ್ಲಿ ಅಂತರ ಬೆಳೆದಿತ್ತು. ಎಡ್ಜ್‌ವುಡ್‌ನಲ್ಲಿ ಒಂದು ಮಗುವಿಗೆ 38,854 ಡಾಲರ್ ಆಸ್ತಿ, ಅಲಾಮೊ ಹೈಟ್ಸ್‌ನಲ್ಲಿ 5,70,109. ಮೊದಲು ಎಂಟು ಪಟ್ಟು ಇದ್ದದ್ದು ಈಗ ಹದಿನಾಲ್ಕು ಪಟ್ಟು ದಾಟಿತ್ತು. ಇಡೀ ರಾಜ್ಯದಲ್ಲಿ ಅತಿ ಶ್ರೀಮಂತ ಡಿಸ್ಟ್ರಿಕ್ಟಿಗೂ ಅತಿ ಬಡ ಡಿಸ್ಟ್ರಿಕ್ಟಿಗೂ ಇದ್ದ ಅಂತರ 700 ಪಟ್ಟು. 1989ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟಿನ ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಈ ವ್ಯವಸ್ಥೆ ನಿಲ್ಲುವುದಿಲ್ಲ.

ಶಾಸಕರು ಮೂರ್ನಾಲ್ಕು ವರ್ಷ ಒದ್ದಾಡಿದರು. ಗಡಿಗಳನ್ನು ಅಳಿಸಿ ಡಿಸ್ಟ್ರಿಕ್ಟ್‌ಗಳನ್ನು ಕೂಡಿಸುವ ಧೈರ್ಯ ಯಾರಿಗೂ ಬರಲಿಲ್ಲ. 1993ರಲ್ಲಿ ಬಂದ ಕಾನೂನು ಗೆರೆಯನ್ನು ಮುಟ್ಟದೆ ದುಡ್ಡನ್ನು ಮಾತ್ರ ಅತ್ತಿತ್ತ ಸರಿಸಿತು. ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗಳು ಒಂದು ಮಿತಿಯ ಮೇಲಿನ ತೆರಿಗೆ ಹಣವನ್ನು ರಾಜ್ಯಕ್ಕೆ ಒಪ್ಪಿಸಬೇಕು. ಕಾನೂನಿನ ಭಾಷೆಯಲ್ಲಿ ಇದು 'ರೀಕ್ಯಾಪ್ಚರ್'. ಜನರ ಬಾಯಲ್ಲಿ 'ರಾಬಿನ್ ಹುಡ್'. ಅಲಾಮೊ ಹೈಟ್ಸ್ ಹೀಗೆ ಕಟ್ಟುವವರ ಸಾಲಿನಲ್ಲಿದೆ. ಅತಿ ಹೆಚ್ಚು ಕಟ್ಟುತ್ತಾ ಬಂದಿರುವುದು ಆಸ್ಟಿನ್. ಆಸ್ಟಿನ್‌ನಲ್ಲಿ ಜಮೀನು ದುಬಾರಿ, ಆದರೆ ಶಾಲೆಗೆ ಬರುವ ಮಕ್ಕಳಲ್ಲಿ ಬಡವರು ಸಾಕಷ್ಟಿದ್ದಾರೆ. ಅಲ್ಲಿ ಮನೆ ಇರುವ ನಮ್ಮವರು ತೆರಿಗೆ ಬಿಲ್ಲು ಹಿಡಿದು ಗೊಣಗುವುದರಲ್ಲಿ ಸ್ವಲ್ಪ ನ್ಯಾಯವೂ ಇದೆ.

ಇವತ್ತಿನ ಲೆಕ್ಕ ಹೇಗೆ? ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಹಾಗಾಗಿ ಭಾರವೆಲ್ಲ ಆಸ್ತಿ ತೆರಿಗೆ, ಮಾರಾಟ ತೆರಿಗೆಯ ಮೇಲೆ. ರಾಜ್ಯ ಒಂದು ಮಗುವಿಗೆ ಇಷ್ಟು ಅಂತ ಒಂದು ಮೂಲ ಮೊತ್ತ ಇಡುತ್ತದೆ. 2019ರಲ್ಲಿ ಅದು 6,160 ಡಾಲರ್ ಆಯಿತು. ಆಮೇಲೆ ಕೋವಿಡ್ ಬಂತು, ಮೊಟ್ಟೆಯಿಂದ ಬಸ್ಸಿನ ಡೀಸೆಲ್‌ವರೆಗೆ ಎಲ್ಲ ತುಟ್ಟಿಯಾಯಿತು. ಮೂಲ ಮೊತ್ತ ಮಾತ್ರ 2025ರವರೆಗೆ ಕದಲಲಿಲ್ಲ. ಆ ವರ್ಷ ಸುಮಾರು 850 ಕೋಟಿ ಡಾಲರ್‌ನ ಶಾಲಾ ಮಸೂದೆ ಪಾಸಾದಾಗ ಅದು ಏರಿದ್ದು 55 ಡಾಲರ್. ಉಳಿದದ್ದರಲ್ಲಿ ದೊಡ್ಡ ಪಾಲು ಶಿಕ್ಷಕರ ಸಂಬಳಕ್ಕೆ ಹೋಯಿತು. ಅಲ್ಲೂ ಒಂದು ಗೆರೆ ಇದೆ. 5 ಸಾವಿರಕ್ಕಿಂತ ಹೆಚ್ಚು ಮಕ್ಕಳಿರುವ ಡಿಸ್ಟ್ರಿಕ್ಟಿನಲ್ಲಿ ಐದು ವರ್ಷ ಅನುಭವದ ಶಿಕ್ಷಕರಿಗೆ ವರ್ಷಕ್ಕೆ 5 ಸಾವಿರ ಡಾಲರ್ ಏರಿಕೆ, ಅದಕ್ಕಿಂತ ಚಿಕ್ಕದರಲ್ಲಿ 8 ಸಾವಿರ. ಎಡ್ಜ್‌ವುಡ್‌ನಲ್ಲಿ ಮಕ್ಕಳು ಆ ಗೆರೆಗಿಂತ ಹೆಚ್ಚು. ಅಂದರೆ ಅಲ್ಲಿನವರಿಗೆ ಕಡಿಮೆ ಏರಿಕೆ.

ಮೂಲ ಮೊತ್ತಕ್ಕೆ ತೂಕಗಳು ಸೇರುತ್ತವೆ. ಬಡ ಮನೆಯ ಮಗುವಿಗೆ ಶೇ 22.5ರಿಂದ 27.5ರಷ್ಟು ಹೆಚ್ಚು. ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ, ವಿಶೇಷ ಅಗತ್ಯದ ಮಗುವಿಗೆ ಬೇರೆ ಬೇರೆ. ಇದು ಒಳ್ಳೆಯದು. ಕಷ್ಟ ಇರುವ ಕಡೆ ಖರ್ಚು ಜಾಸ್ತಿ ಅನ್ನುವುದನ್ನು 1968ರ ಟೆಕ್ಸಾಸ್ ಒಪ್ಪಿರಲಿಲ್ಲ, ಈಗ ಒಪ್ಪಿದೆ.

ಕೊಕ್ಕೆ ಇರುವುದು ಹಾಜರಾತಿಯಲ್ಲಿ. ಟೆಕ್ಸಾಸ್ ಈ ಮೂಲ ಮೊತ್ತವನ್ನು ಎಣಿಸುವುದು ದಾಖಲಾದ ಮಕ್ಕಳ ಮೇಲೆ ಅಲ್ಲ, ಸರಾಸರಿ ದಿನದ ಹಾಜರಾತಿಯ ಮೇಲೆ. ಸಾವಿರ ಮಕ್ಕಳ ಹೆಸರಿದ್ದು ದಿನಕ್ಕೆ 900 ಜನ ಬಂದರೆ ದುಡ್ಡು 900ಕ್ಕೇ. ಹಳೆಯ ಮೊತ್ತದಲ್ಲೇ ಲೆಕ್ಕ ಹಾಕಿದರೂ 6 ಲಕ್ಷ ಡಾಲರ್ ಮೀರಿ ಖೋತಾ. ತರಗತಿ, ಮೇಷ್ಟ್ರು, ಬಸ್ಸು ಮಾತ್ರ ಸಾವಿರ ಮಕ್ಕಳಿಗೂ ಬೇಕು. ಶಾಲೆ ತಪ್ಪಿಸುವುದು ಯಾರು ಜಾಸ್ತಿ? ಕಾಯಿಲೆ ಬಂದರೆ ಡಾಕ್ಟರಿಲ್ಲದ, ಅಪ್ಪ ಅಮ್ಮ ಎರಡೆರಡು ಶಿಫ್ಟ್ ಮಾಡುವ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಓಡಾಡುವ ಮಕ್ಕಳು. ಬಡ ಮಗುವಿಗೆ ಅಂತ ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಸ್ವಲ್ಪ ಇನ್ನೊಂದು ಕೈಯಿಂದ ವಾಪಸ್ ಹೋಗುತ್ತದೆ.

ಕಟ್ಟಡದ ದುಡ್ಡಿನ ದಾರಿಯೇ ಬೇರೆ. ಅದಕ್ಕೆ ಡಿಸ್ಟ್ರಿಕ್ಟ್ ಬಾಂಡ್ ಮೂಲಕ ಸಾಲ ಎತ್ತುತ್ತದೆ, ಮತದಾರರು ಒಪ್ಪಬೇಕು. ಸಾಲ ತೀರಿಸುವ ತೆರಿಗೆಗೆ ರಾಬಿನ್ ಹುಡ್ ಕೈ ಹಾಕುವಂತಿಲ್ಲ. ಆಸ್ತಿ ಜಾಸ್ತಿ ಇದ್ದ ಕಡೆ ಒಂದು ಸೆಂಟ್ ತೆರಿಗೆಗೆ ಬರುವ ದುಡ್ಡೂ ಜಾಸ್ತಿ. ಡಲ್ಲಾಸ್ ಪಕ್ಕದ ಆಲನ್‌ನಲ್ಲಿ 2012ರಲ್ಲಿ ಹೈಸ್ಕೂಲ್ ಮಕ್ಕಳ ಫುಟ್‌ಬಾಲ್‌ಗೆ 6 ಕೋಟಿ ಡಾಲರ್‌ನ ಸ್ಟೇಡಿಯಂ ಕಟ್ಟಿದ್ದು ಬಾಂಡ್ ದುಡ್ಡಿನಲ್ಲೇ, 18 ಸಾವಿರ ಆಸನ. ಎರಡು ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಬೇಕಾಯಿತು, ರಿಪೇರಿ ಮಾಡಿ ಮತ್ತೆ ತೆರೆದರು. ಪಾಠದ ದುಡ್ಡಿನಲ್ಲಿ ಸಮಾನತೆ ಹತ್ತಿರ ಬಂದಿದೆ. ಗೋಡೆ, ಮೈದಾನ, ಛಾವಣಿಯಲ್ಲಿ ಬಂದಿಲ್ಲ.

ಇಷ್ಟಾದ ಮೇಲೆ ಎಡ್ಜ್‌ವುಡ್ ಹೇಗಿದೆ? 22 ಸಾವಿರ ಮಕ್ಕಳಿದ್ದ ಡಿಸ್ಟ್ರಿಕ್ಟಿನಲ್ಲಿ ಈಗ ಅದರ ಅರ್ಧವೂ ಇಲ್ಲ. ಅಲಾಮೊ ಹೈಟ್ಸ್‌ನಲ್ಲಿ ಆಗಲೂ ಈಗಲೂ 5 ಸಾವಿರದ ಆಸುಪಾಸು. ದುಡ್ಡಿನ ಜಗಳ ಗೆಲ್ಲುವಷ್ಟರಲ್ಲಿ ಮಕ್ಕಳೇ ಖಾಲಿಯಾಗತೊಡಗಿದರು.

ಕಾರಣ ಒಂದಲ್ಲ. ಮನೆಗಳಲ್ಲಿ ಮಕ್ಕಳು ಕಡಿಮೆಯಾದರು. ಹೊಸ ಸಂಸಾರಗಳು ನಗರದ ಹೊರವಲಯಕ್ಕೆ ಹೋದವು. 1995ರ ಕಾನೂನಿನಿಂದ ಚಾರ್ಟರ್ ಶಾಲೆಗಳು ಬಂದವು. ಇವು ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳು, ಆದರೆ ಟ್ರಸ್ಟಿಗಳನ್ನು ಜನ ಆರಿಸುವುದಿಲ್ಲ. 1998ರಲ್ಲಿ ಎಡ್ಜ್‌ವುಡ್ ಒಂದು ದೊಡ್ಡ ಪ್ರಯೋಗಕ್ಕೂ ಒಳಗಾಯಿತು. ಒಂದು ಖಾಸಗಿ ಪ್ರತಿಷ್ಠಾನ ಹತ್ತು ವರ್ಷಕ್ಕೆ 5 ಕೋಟಿ ಡಾಲರ್ ಇಟ್ಟು, ಇಡೀ ಡಿಸ್ಟ್ರಿಕ್ಟಿನ ಕಡಿಮೆ ಆದಾಯದ ಮಕ್ಕಳಿಗೆ ಖಾಸಗಿ ಶಾಲೆಗೆ ಹೋಗಲು ವೋಚರ್ ಕೊಟ್ಟಿತು. ಸರ್ಕಾರದ ವೋಚರ್ ಯೋಜನೆ ತರಬೇಕು ಅನ್ನುವವರಿಗೆ ತೋರಿಸಲು ಒಂದು ಮಾದರಿ ಬೇಕಿತ್ತು. ಅದಕ್ಕೆ ಆರಿಸಿದ್ದು ದೇಶಕ್ಕೆಲ್ಲ ಹೆಸರು ಗೊತ್ತಿದ್ದ ಈ ಬಡ ಡಿಸ್ಟ್ರಿಕ್ಟನ್ನೇ.

ಆಡಳಿತವೂ ನೆಟ್ಟಗೆ ನಡೆಯಲಿಲ್ಲ. ಟ್ರಸ್ಟಿಗಳ ಒಳಜಗಳ ಹೆಚ್ಚಾಗಿ, 2016ರಲ್ಲಿ ರಾಜ್ಯದ ಶಿಕ್ಷಣ ಕಮಿಷನರ್ ಮೈಕ್ ಮೋರಾತ್ ಚುನಾಯಿತ ಮಂಡಳಿಯ ಅಧಿಕಾರ ಕಿತ್ತುಕೊಂಡು ತಾವೇ ಆರಿಸಿದವರನ್ನು ಕೂರಿಸಿದರು. ಆಗ ಸ್ಯಾನ್ ಆಂಟೋನಿಯೊ ಬಿಟ್ಟು ಹೊರಗೆ ಇದು ಅಷ್ಟು ಸುದ್ದಿ ಆಗಲಿಲ್ಲ. 2023ರಲ್ಲಿ ರಾಜ್ಯದ ಅತಿ ದೊಡ್ಡ ಡಿಸ್ಟ್ರಿಕ್ಟ್ ಹ್ಯೂಸ್ಟನ್‌ನಲ್ಲಿ ಅದೇ ಆದಾಗ ದೇಶವೆಲ್ಲ ಮಾತಾಡಿತು. 2025ರ ಅಕ್ಟೋಬರ್‌ನಲ್ಲಿ ಫೋರ್ಟ್ ವರ್ತ್ ಸರದಿ ಬಂತು. ಒಳಜಗಳದಿಂದ ಮಂಡಳಿ ನಿಂತುಹೋದಾಗ ಯಾರಾದರೂ ಕೈ ಹಾಕಲೇಬೇಕು, ಒಪ್ಪೋಣ. ಆದರೆ ಸ್ಥಳೀಯ ಹಿಡಿತ ಅನ್ನುವ ಕಾರಣಕ್ಕೆ 1973ರಲ್ಲಿ 26 ಡಾಲರ್ ಸರಿ ಅನಿಸಿಕೊಂಡ ಊರಿನಲ್ಲೇ ಆ ಹಿಡಿತ ಕೈತಪ್ಪಿತು. ರೊಡ್ರಿಗಸ್ ಅದನ್ನು ನೋಡಲು ಇರಲಿಲ್ಲ, 2013ರಲ್ಲೇ ತೀರಿಕೊಂಡಿದ್ದರು.

ಇನ್ನು ಫಲಿತಾಂಶ. ಮನೆ ಹುಡುಕುವವರು ನೋಡುವುದು ಎ, ಬಿ, ಸಿ, ಡಿ, ಎಫ್ ದರ್ಜೆ. ರಾಜ್ಯವೇ ಕೊಡುವ ದರ್ಜೆ ಇದು. ಇದರ ಹಿಂದಿರುವುದು ಸ್ಟಾರ್ ಎಂಬ ಪರೀಕ್ಷೆ. ಆ ಪರೀಕ್ಷೆಯಲ್ಲಿ ಮೇಲೇರುವ ಮೂರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಹತ್ತಿದರೂ ಪಾಸು. ತನ್ನ ತರಗತಿಯ ಮಟ್ಟಕ್ಕೆ ಬಂದಿದೆ ಅನ್ನಲು ಎರಡನೆಯದು ಹತ್ತಬೇಕು. ಡಿಸ್ಟ್ರಿಕ್ಟಿನ ಪೋಸ್ಟರ್ ಮೊದಲನೆಯದನ್ನು ಹೇಳುತ್ತದೆ, ಬೈಯುವ ರಾಜಕಾರಣಿ ಎರಡನೆಯದನ್ನು ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ!

ದರ್ಜೆಯಲ್ಲಿ ಅಂಕ ಎಷ್ಟು ಬಂತು ಅನ್ನುವುದರ ಜೊತೆಗೆ ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದರು, ಅಷ್ಟೇ ಬಡತನ ಇರುವ ಬೇರೆ ಶಾಲೆಗಳ ಜೊತೆ ಹೋಲಿಸಿದರೆ ಹೇಗಿದ್ದಾರೆ ಅನ್ನುವುದೂ ಇದೆ. ಎಡ್ಜ್‌ವುಡ್‌ನಂಥ ಕಡೆ ನೋಡಬೇಕಾದದ್ದು ಇದನ್ನೇ. ಬರೀ ಅಕ್ಷರ ನೋಡಿದರೆ ಶಾಲೆಗಿಂತ ಆ ಬೀದಿಯ ಸಂಬಳವನ್ನು ನೋಡಿದ ಹಾಗೆ. ಅಕ್ಷರವೂ ಈಚೆಗೆ ಜಗಳದ ವಸ್ತುವಾಗಿದೆ. ಹೈಸ್ಕೂಲ್ ಮುಗಿಸಿದವರಲ್ಲಿ ಶೇ 60 ಜನ ಕಾಲೇಜು, ಕೆಲಸ ಅಥವಾ ಸೈನ್ಯಕ್ಕೆ ಸಿದ್ಧ ಅಂತಾದರೆ ಆ ಭಾಗಕ್ಕೆ ಎ ಸಿಗುತ್ತಿತ್ತು. ರಾಜ್ಯ ಅದನ್ನು ಶೇ 88ಕ್ಕೆ ಏರಿಸಿತು. ನೂರಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳು ಕೋರ್ಟಿಗೆ ಹೋದವು. 2023ರ ದರ್ಜೆ ಹೊರಬಂದದ್ದು 2025ರ ಏಪ್ರಿಲ್‌ನಲ್ಲಿ. ಸ್ಟಾರ್ ಪರೀಕ್ಷೆಯೇ 2027-28ರಿಂದ ಹೋಗಿ, ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆಗಳು ಬರಲಿವೆ. ಅಳತೆಗೋಲು ಹೀಗೆ ಬದಲಾಗುತ್ತಿದ್ದರೆ ಹತ್ತು ವರ್ಷದ ಏರಿಳಿತ ಹೋಲಿಸುವುದು ಯಾರಿಗೂ ಸುಲಭ ಅಲ್ಲ.

1998ರ ಪ್ರಯೋಗ ಈಗ ರಾಜ್ಯಕ್ಕೆಲ್ಲ ಬಂದಿದೆ. 2025ರ ಮೇ ತಿಂಗಳಲ್ಲಿ ರಾಜ್ಯಪಾಲ ಗ್ರೆಗ್ ಆಬಟ್ ಸಹಿ ಹಾಕಿದ ಕಾನೂನಿನಲ್ಲಿ ಖಾಸಗಿ ಶಾಲೆಗೆ ಹೋಗುವ ಮಗುವಿನ ಖಾತೆಗೆ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್. ಇದಕ್ಕೆ ಇಟ್ಟಿರುವುದು 100 ಕೋಟಿ ಡಾಲರ್, ಶುರು 2026-27ರ ಶಾಲಾ ವರ್ಷದಿಂದ. ಚಿಕ್ಕ ಡಿಸ್ಟ್ರಿಕ್ಟಿಗೆ ಇದರ ಪೆಟ್ಟು ಹೇಗೆ ಬೀಳುತ್ತದೆ ಅಂದರೆ, ಒಂದೇ ತರಗತಿಯ 25 ಮಕ್ಕಳು ಒಟ್ಟಿಗೆ ಹೋದರೆ ಒಂದು ತರಗತಿ ಮುಚ್ಚಿ ಖರ್ಚು ಉಳಿಸಬಹುದು. ಮಕ್ಕಳು ಹಾಗೆ ಹೋಗುವುದಿಲ್ಲ. ಒಂದನೇ ಕ್ಲಾಸಿನಿಂದ ಇಬ್ಬರು, ಐದನೆಯದರಿಂದ ಒಬ್ಬಳು, ಇನ್ನೊಂದು ಶಾಲೆಯಿಂದ ಮೂವರು ಹೋಗುತ್ತಾರೆ. ದುಡ್ಡು 25 ಮಕ್ಕಳಷ್ಟು ಕಡಿಮೆಯಾಗುತ್ತದೆ. ಒಬ್ಬ ಮೇಷ್ಟ್ರನ್ನೂ ಕಡಿಮೆ ಮಾಡಲು ಆಗುವುದಿಲ್ಲ.

ಹಾಗಾಗಿ ಎಡ್ಜ್‌ವುಡ್‌ನಂಥ ಕಡೆ ಬಜೆಟ್ ಬರೆಯಲು ಕೂತವರು ತೆರಿಗೆ ದರಕ್ಕಿಂತ ಮೊದಲು ಊಹಿಸಬೇಕಾದದ್ದು ಶಾಲೆ ಶುರುವಾಗುವ ಆಗಸ್ಟ್‌ನಲ್ಲಿ ಎಷ್ಟು ಮಕ್ಕಳು ಬಾಗಿಲಿಗೆ ಬರುತ್ತಾರೆ ಅಂತ. ಕಡಿಮೆ ಊಹಿಸಿದರೆ ಶಿಕ್ಷಕರು ಸಾಲದೆ ತರಗತಿ ತುಂಬಿ ತುಳುಕುತ್ತದೆ. ಜಾಸ್ತಿ ಊಹಿಸಿ ರಾಜ್ಯದಿಂದ ಹಣ ತಂದಿದ್ದರೆ, ವರ್ಷ ಮುಗಿದ ಮೇಲೆ ಹಾಜರಾತಿ ಪುಸ್ತಕ ತಾಳೆ ನೋಡಿ, ಹೆಚ್ಚಾದದ್ದನ್ನು ರಾಜ್ಯ ವಾಪಸ್ ಕೇಳುತ್ತದೆ. ಅಷ್ಟರಲ್ಲಿ ಆ ದುಡ್ಡು ಸಂಬಳವಾಗಿ ಖರ್ಚಾಗಿರುತ್ತದೆ.